ಹತ್ತು ಗಂಟೆಗೆ ಏಳುವ ಕಂಬಗಳು

ಜರ್ಮನಿಯಿಂದ ಬಂದ ಮೇಲೆ ನಂಜನಗೂಡಿನ ಬಳಿಯ ತಾಂಡ್ಯದ ಕಾರ್ಖಾನೆಯಲ್ಲಿ, ಬಸ್ಸಿನಲ್ಲಿ, ನಮ್ಮ ಬೀದಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ‘ಏನೇನ್ ನೋಡ್ದೆ?’ ದೊಡ್ಡ ದೊಡ್ಡ ಊರುಗಳ ಹೆಸರು ಹೇಳುತ್ತೇನೆಂದು ಕಾದಿದ್ದವರಿಗೆ ನಿರಾಸೆಯಾಯಿತು. ಹದಿನೇಳು ದಿನಗಳಲ್ಲಿ ನಾನು ಸರಿಯಾಗಿ ನೋಡಿದ್ದು ಒಂದೇ ಊರು, ಆ ಊರಿನ ಒಂದೇ ಚೌಕ, ಆ ಚೌಕಕ್ಕೆ ಹೋಗುವ ಕೋಟೆ ಬಾಗಿಲಲ್ಲಿ ನಿಂತಿದ್ದ ಮೂರು ಕಬ್ಬಿಣದ ಕಂಬ. ಆದರೆ ಅಷ್ಟನ್ನು ಎಣಿಸಿ ನೋಡಿದ್ದೇನೆ. ಎಣಿಸುವುದು ನನ್ನ ಕಸುಬು. ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ ದಿನವಿಡೀ ಲೋಹದ ಬಿಲ್ಲೆಗಳನ್ನು ನೋಡಿ, ಕೆಟ್ಟದ್ದಕ್ಕೆ ಒಂದೊಂದು ಗೆರೆ ಎಳೆಯುತ್ತೇನೆ. ನಾಲ್ಕು ನಿಲುಗೆರೆ, ಅವುಗಳ ಮೇಲೊಂದು ಅಡ್ಡಗೆರೆ, ಐದು. ದಿನಚರಿಯಲ್ಲೂ ಅದೇ ಅಭ್ಯಾಸ. ಈ ಬರಹ ಆ ದಿನಚರಿಯಿಂದಲೇ ಎತ್ತಿಕೊಂಡದ್ದು.

ನಂಜನಗೂಡು, ಮೇ ೪, ಭಾನುವಾರ

೨೦೦೩ರ ಬೇಸಿಗೆ. ಹೊಸ ಯಂತ್ರವೊಂದರ ತರಬೇತಿಗೆ ಕಾರ್ಖಾನೆಯವರು ಇಬ್ಬರನ್ನು ಆರಿಸಿದ್ದರು. ಒಬ್ಬರು ಫೋರ್‌ಮನ್ ಶಿವಮಲ್ಲಪ್ಪನವರು, ಇನ್ನೊಬ್ಬಳು ನಾನು. ಹೊರಡಲು ಆರು ದಿನ ಉಳಿದಿತ್ತು. ಆದರೆ ಆ ಭಾನುವಾರ ನಮ್ಮ ಮನೆಯಲ್ಲಿ ಜರ್ಮನಿಯ ಮಾತಿರಲಿಲ್ಲ, ಪುರಸಭೆಯ ನೋಟೀಸಿನ ಮಾತಿತ್ತು.

ನಮ್ಮವ್ವನ ಅಂಗಡಿ ಇರುವುದು ದೇವಸ್ಥಾನದ ಬೀದಿಯಲ್ಲಿ. ಅಂಗಡಿ ಎಂದರೆ ಎರಡು ಹಲಗೆ, ಮೂರು ಕುಕ್ಕೆ, ಕೂರಲು ಒಂದು ಮಣೆ. ಹೊಸ ಗಾಡಿ ಕೊಂಡವರು ಮೈಸೂರಿನಿಂದ, ಚಾಮರಾಜನಗರದಿಂದ, ಗುಂಡ್ಲುಪೇಟೆಯಿಂದ ಪೂಜೆಗೆಂದು ಬರುತ್ತಾರೆ. ಅವರಿಗೆ ಬೇಕಾದ ನಿಂಬೆಹಣ್ಣು, ಕರ್ಪೂರ, ಗಾಡಿಯ ಮೂತಿಗೆ ಹಾಕುವ ಸೇವಂತಿಗೆ ಹಾರ ಅವ್ವ ಮಾರುತ್ತಾಳೆ. ನಡೆದು ಬರುವ ಭಕ್ತರಿಗೆ ಬಿಡಿ ಹೂವು, ತೆಂಗಿನಕಾಯಿಯೂ ಉಂಟು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಡಿಪ್ಲೊಮಾ ಓದಿಸಿದ್ದು ಆ ಮೂರು ಕುಕ್ಕೆಗಳೇ.

ನೋಟೀಸಿನಲ್ಲಿ ಇದ್ದದ್ದು ಇಷ್ಟು. ವಾಹನ ಪೂಜೆ, ಪಂಕ್ಚರ್ ಅಂಗಡಿ, ಗಾಡಿ ತೊಳೆಯುವ ಜಾಗ, ಟೆಂಪೋ ಸ್ಟ್ಯಾಂಡು, ಅಂದರೆ ಗಾಡಿಗಳನ್ನು ನಂಬಿದ ವ್ಯಾಪಾರವೆಲ್ಲ ಬೀದಿಯಿಂದ ಎದ್ದು ಊರಾಚೆಯ ಮೈದಾನಕ್ಕೆ ಹೋಗಬೇಕು. ಬೀದಿ ನಡೆಯುವವರಿಗೆ ಬಿಡುವಾಗಬೇಕು. ತಕರಾರು ಇದ್ದವರು ಮೇ ೩೦ಕ್ಕೆ ಬಂದು ಬರಹದಲ್ಲಿ ಕೊಡಬೇಕು.

ಬೆಳಗ್ಗೆ ಆರಕ್ಕೇ ಬೀದಿಯ ಹದಿನಾಲ್ಕು ಅಂಗಡಿಯವರೂ ಅವ್ವನ ಹಲಗೆಯ ಸುತ್ತ ಸೇರಿದ್ದರು. ಬರೆಯುವ ಕೆಲಸ ನನ್ನ ತಲೆಗೆ ಬಂತು.

‘ಗಟ್ಟಿಯಾಗ್ ಬರಿ ಮಗ’ ಎಂದಳು ಅವ್ವ. ‘ಗಾಡಿ ಅತ್ಲಾಗ್ ಓಯ್ತು ಅಂದ್ರೆ ನಮ್ಮನ್ನೂ ಬೀದಿಗ್ ಆಕ್ದಂಗೆ ಅಂತ ಬರಿ.’

‘ಬೀದೀಲೇ ಕುಂತಿದ್ದೀವಲ್ಲ ಪುಟ್ಟಮ್ಮಕ್ಕ, ಇನ್ನ್ಯಾವ ಬೀದಿಗೆ ಆಕಾರು?’ ಎಂದು ನಕ್ಕ ಪಕ್ಕದ ಅಂಗಡಿಯ ಮಾದಪ್ಪ. ಅವನದು ಬೂದುಗುಂಬಳದ ವ್ಯಾಪಾರ, ಗಾಡಿ ಬಿಟ್ಟರೆ ಬೇರೆ ಗಿರಾಕಿಯೇ ಇಲ್ಲ. ‘ಬರೀ ಮಾತು ಬ್ಯಾಡ ಕಣವ್ವ ಸುಮಾ. ಅಂಕಿ ಆಕು. ಅಂಕಿ ಕಂಡ್ರೆ ಆಪೀಸ್ನೋರು ಎದರ್ಕೋತಾರೆ.’

ಆ ಮಾತು ನನಗೆ ಹಿಡಿಸಿತು. ಬೆಳಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಅವ್ವನ ಹಿಂದೆ ಕೂತು ಎಣಿಸಿದೆ. ಪೂಜೆಗೆ ಬಂದ ವಾಹನ ೩೮. ಅವ್ವನ ಬಳಿ ಕೊಂಡ ಗಾಡಿಯವರು ೨೬. ಕೊಂಡ ನಡಿಗೆಯವರು ೧೧. ತಕರಾರಿಗೆ ಹೇಳಿ ಮಾಡಿಸಿದಂಥ ಅಂಕಿ.

ನನ್ನ ಪುಟದಲ್ಲಿ ನಾಲ್ಕನೆಯ ಅಂಕಣವೂ ಒಂದಿತ್ತು. ಎದುರಿಗೆ ಏನಾದರೂ ಮತ್ತೆ ಮತ್ತೆ ನಡೆಯುತ್ತಿದ್ದರೆ ಗೆರೆ ಎಳೆಯದೆ ನನ್ನ ಕೈ ಸುಮ್ಮನಿರುವುದಿಲ್ಲ. ಗಾಡಿಯೊಂದು ಹಿಂದಕ್ಕೆ ಬಂದಾಗಲೆಲ್ಲ ಅವ್ವ ಮಣೆಯಿಂದ ಎದ್ದು, ಚಕ್ರಕ್ಕೆ ಸಿಗದ ಹಾಗೆ ಕುಕ್ಕೆಗಳನ್ನು ಒಳಗೆಳೆದುಕೊಂಡು, ಗಾಡಿ ಹೋದಮೇಲೆ ಮತ್ತೆ ಮುಂದಿಟ್ಟು ಕೂರುತ್ತಿದ್ದಳು. ಆರು ಗಂಟೆಗಳಲ್ಲಿ ಹಾಗೆ ಎದ್ದದ್ದು ೪೧ ಸಲ. ತಕರಾರಿನಲ್ಲಿ ಅದಕ್ಕೆ ಜಾಗವಿರಲಿಲ್ಲವಾದ್ದರಿಂದ ಆ ಅಂಕಿಯನ್ನು ಯಾರಿಗೂ ಹೇಳಲಿಲ್ಲ. ಜರ್ಮನಿಯಲ್ಲಿ ಬಿಡುವಾದಾಗ ಬರೆದರಾಯಿತೆಂದು ನೋಟ್‌ಪುಸ್ತಕವನ್ನು ಸೂಟ್‌ಕೇಸಿಗೆ ಹಾಕಿಕೊಂಡೆ.

ಲಿಂಡನ್‌ಬಾಖ್, ಮೇ ೧೧, ಭಾನುವಾರ

ಊರಿನ ನಿಜ ಹೆಸರು ಬೇಡ. ಲಿಂಡನ್‌ಬಾಖ್ ಎಂದು ಕರೆಯುತ್ತೇನೆ. ದಕ್ಷಿಣ ಜರ್ಮನಿಯಲ್ಲಿ ಎರಡು ಹೊಳೆ ಕೂಡುವ ಕಡೆ ಇರುವ ಚಿಕ್ಕ ಊರು. ಶಿವಮಲ್ಲಪ್ಪನವರು ತಿ. ನರಸೀಪುರದವರು. ಟ್ಯಾಕ್ಸಿಯ ಕಿಟಕಿಯಿಂದ ಹೊಳೆಗಳನ್ನು ಕಂಡದ್ದೇ ಕೈಮುಗಿದರು. ‘ನಮ್ಮ ತಿರುಮಕೂಡ್ಲು ಕಣವ್ವ ಇದು! ನಮ್ಮದ್ರ ಅರ್ಧ ಇಲ್ಲ, ಆದ್ರೂ ಸಂಗಮ ಸಂಗಮವೇ.’

ಅವರ ಭಕ್ತಿ ಹೆಚ್ಚು ಹೊತ್ತು ಉಳಿಯಲಿಲ್ಲ. ಹಳೆಯ ಕೋಟೆಗೋಡೆಯ ಬಾಗಿಲಲ್ಲೇ ಟ್ಯಾಕ್ಸಿ ನಿಂತಿತು. ಮುಂದೆ ಅಡ್ಡಲಾಗಿ ಮೂರು ಕಬ್ಬಿಣದ ಕಂಬ. ಡ್ರೈವರ್ ನಮ್ಮ ಸೂಟ್‌ಕೇಸುಗಳನ್ನು ಇಳಿಸಿ, ಬೀದಿಯ ಒಳಕ್ಕೆ ಬೆರಳು ತೋರಿಸಿ, ನಗುತ್ತಾ ಹೊರಟೇಹೋದ.

‘ಇದೇನ್ ಊರು! ಮನೆ ಬಾಕ್ಲುಗಂಟ ಗಾಡಿ ಬರಲ್ವಾ?’ ಎಂದರು ಶಿವಮಲ್ಲಪ್ಪನವರು. ಎರಡು ತಿಂಗಳ ಹಿಂದಷ್ಟೇ ಅವರು ಕಾರು ಕೊಂಡಿದ್ದರು. ಪೂಜೆಯಾದದ್ದು ನಮ್ಮವ್ವನ ನಿಂಬೆಹಣ್ಣಿನಲ್ಲೇ. ಅಂದಿನಿಂದ ಮೊಣಕಾಲು ನೋವಿನ ನೆವದಲ್ಲಿ ಮನೆಯಿಂದ ಬೀದಿ ತುದಿಯ ಹೋಟೆಲಿಗೂ ಕಾರಿನಲ್ಲೇ ಹೋಗುತ್ತಿದ್ದರು.

ನೆಲಕ್ಕೆ ಉರುಟು ಕಲ್ಲು ಹಾಸಿದ್ದರು. ಐವತ್ತು ಹೆಜ್ಜೆಗೇ ಅವರ ಸೂಟ್‌ಕೇಸಿನ ಒಂದು ಚಕ್ರ ಕಿತ್ತು ಉರುಳಿಹೋಯಿತು. ಅವರು ಸುತ್ತ ಒಮ್ಮೆ ನೋಡಿ, ಟವೆಲ್ಲನ್ನು ಸಿಂಬಿ ಸುತ್ತಿ, ಸೂಟ್‌ಕೇಸನ್ನು ತಲೆಯ ಮೇಲಿಟ್ಟುಕೊಂಡು ನಡೆದರು. ಬೆಂಚುಗಳಲ್ಲಿ ಕೂತಿದ್ದ ಮುದುಕರು ಮಾತು ನಿಲ್ಲಿಸಿದರು. ಒಬ್ಬಾತ ಎದ್ದು ನಿಂತು ಟೋಪಿ ತೆಗೆದ. ಬಾಗಿಲಿನಿಂದ ನಮ್ಮ ವಸತಿಗೆ ನನ್ನ ಲೆಕ್ಕದಲ್ಲಿ ೪೧೨ ಹೆಜ್ಜೆ. ಅಷ್ಟು ದೂರವೂ ಅವರು ಸೂಟ್‌ಕೇಸಿಗೆ ಕೈ ಕೊಡಲಿಲ್ಲ. ‘ನೋಡ್ಲಿ ಬುಡು. ಕೈ ಬುಟ್ಕೊಂಡು ತಲೆ ಮೇಲೆ ಒರೋದು ಈ ಊರ್ನಲ್ಲಿ ಯಾರಿಗ್ ಬತ್ತದೆ?’ ನನಗೂ ಹೆಮ್ಮೆಯೇ ಆಯಿತು.

ನಮ್ಮ ಎರಡು ಕೋಣೆಗಳು ಊರ ಚೌಕದಲ್ಲಿ ಹೂವಿನಂಗಡಿಯೊಂದರ ಮೇಲಿದ್ದವು. ಅಂಗಡಿಯೂ ಮನೆಯೂ ಹೆಲ್ಗಾ ಎಂಬ ಎಪ್ಪತ್ತರ ಆಸುಪಾಸಿನ ಹೆಂಗಸಿನದು. ನನ್ನಷ್ಟೇ ಇಂಗ್ಲಿಷ್ ಅವರಿಗೂ ಬರುತ್ತಿತ್ತು. ಹಾಗಾಗಿ ಇಬ್ಬರಿಗೂ ನಾಚಿಕೆಯಿರಲಿಲ್ಲ.

ಲಿಂಡನ್‌ಬಾಖ್, ಮೇ ೧೨ರಿಂದ ೧೬

ಯಂತ್ರದ ವಿಚಾರ ಇಲ್ಲಿ ಬೇಡ. ಒಂದೇ ಮಾತು ಬರೆದುಕೊಳ್ಳುತ್ತೇನೆ: ಮೂರನೆಯ ದಿನ ನಮ್ಮ ತರಬೇತುದಾರ ನನ್ನ ಗೆರೆಗಳ ಪುಟವನ್ನು ಕೇಳಿ ಪಡೆದು, ಜೆರಾಕ್ಸ್ ಮಾಡಿಸಿ, ತನ್ನ ಹುಡುಗರಿಗೆ ಹಂಚಿದ.

ಸಂಜೆಗಳು ಚೌಕದಲ್ಲಿ. ಪೆಟ್ರೋಲ್ ಬಂಕು, ಟೈರಿನಂಗಡಿ, ಗ್ಯಾರೇಜು, ಕಾರು ಮಾರುವವರು ಎಲ್ಲ ಗೋಡೆಯ ಹೊರಗೆ. ಒಳಗೆ ಬ್ರೆಡ್ಡು, ಚಪ್ಪಲಿ, ಪುಸ್ತಕ, ಔಷಧ, ಹೂವು. ಬೆಳಗ್ಗೆ ಹತ್ತರವರೆಗೆ ಸಾಮಾನಿನ ಗಾಡಿಗಳು ಬಂದು ಹೋಗಬಹುದು. ಹತ್ತು ಹೊಡೆಯುತ್ತಲೇ ಬಾಗಿಲಲ್ಲಿ ನೆಲದೊಳಗಿಂದ ಆ ಮೂರು ಕಂಬಗಳು ತಾವೇ ಮೇಲೇಳುತ್ತವೆ. ಸಂಜೆ ಆರಕ್ಕೆ ಇಳಿಯುತ್ತವೆ. ಭಾನುವಾರ ಇಳಿಯುವುದೇ ಇಲ್ಲ.

ಹೆಲ್ಗಾ ತಮ್ಮ ಬೆಂಚುಗಳನ್ನು ಬಹಳ ಜಂಬದಿಂದ ತೋರಿಸಿದರು. ಇಪ್ಪತ್ತೆರಡು ಇದ್ದವು. ನಾನು ದಿನಚರಿಯ ಹಿಂದಿನ ಪುಟದಲ್ಲಿ ನಮ್ಮ ಬೀದಿಯ ಚಿತ್ರ ಬರೆದು ತೋರಿಸಿದೆ. ಸಾಲು ಮನೆಗಳು, ಪ್ರತಿ ಮನೆಯ ಮುಂದೆ ಜಗಲಿ, ಹೋಗುವವರು ಬರುವವರು ಯಾರು ಬೇಕಾದರೂ ಕೂರಬಹುದು, ತುದಿಯಲ್ಲಿ ಅರಳಿಕಟ್ಟೆ, ಅದರಾಚೆ ಹೊಳೆಗೆ ಇಳಿಯುವ ಮೆಟ್ಟಿಲು.

‘ಯಾರ ಮನೆಯ ಮುಂದಾದರೂ ಕೂರಬಹುದೇ? ಅಪ್ಪಣೆ ಕೇಳದೆ?’

‘ಕೂತರೆ ಕುಡಿಯಲು ನೀರೂ ಕೊಡುತ್ತಾರೆ.’

ಹೆಲ್ಗಾ ಚಿತ್ರವನ್ನು ಬಹಳ ಹೊತ್ತು ನೋಡಿದರು. ‘ಹಾಗಾದರೆ ನಿಮ್ಮ ಊರನ್ನು ಕಟ್ಟಿದವರು ನಡೆಯುವವರಿಗೆಂದೇ ಕಟ್ಟಿದ್ದಾರೆ. ನಾವು ಇಷ್ಟು ಕಷ್ಟಪಟ್ಟು ಮಾಡಿದ್ದು ನಿಮ್ಮಲ್ಲಿ ಮೊದಲೇ ಇದೆ’ ಎಂದರು. ಚಿತ್ರದಲ್ಲಿ ನಾನು ಗಾಡಿಗಳನ್ನು ಬರೆದಿರಲಿಲ್ಲ. ಆ ಜಗಲಿಗಳಿಗೆ ಒರಗಿಸಿ ನಿಲ್ಲಿಸಿದ ಮೋಟಾರ್ ಸೈಕಲ್ಲುಗಳನ್ನೂ ಬರೆದಿರಲಿಲ್ಲ. ಅದನ್ನು ಹೇಳಲು ಬಾಯಿ ಬರಲಿಲ್ಲ. ಅವತ್ತು ತಕರಾರು ಬರೆಯಲು ಕೂತೆ. ‘ಮಾನ್ಯರೇ’ ಎಂದು ಬರೆದು ಮಲಗಿದೆ.

ಲಿಂಡನ್‌ಬಾಖ್, ಮೇ ೧೭, ಶನಿವಾರ

ಶಿವಮಲ್ಲಪ್ಪನವರ ಆಸೆಯೊಂದಿತ್ತು: ಜರ್ಮನಿಯ ರಸ್ತೆಯಲ್ಲಿ ಕಾರು ಓಡಿಸಬೇಕು. ಅದಕ್ಕೆಂದೇ ಮೈಸೂರಿನಲ್ಲಿ ಹೊರದೇಶದ ಲೈಸೆನ್ಸ್ ಮಾಡಿಸಿ ತಂದಿದ್ದರು. ಶನಿವಾರ ಬಾಡಿಗೆ ಕಾರೊಂದನ್ನು ಬೆಳಗ್ಗೆ ಒಂಬತ್ತಕ್ಕೆ ಚೌಕದೊಳಗೆ, ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದರು. ಬುತ್ತಿ ತುಂಬಿಸಿಕೊಂಡು ಬೆಟ್ಟದ ಕಡೆ ಹೋಗಿ ಬರುವುದೆಂದು ಗೊತ್ತಾಗಿತ್ತು.

ಬುತ್ತಿ ಒಳಗಿಟ್ಟು ನಾನು ಹತ್ತಲು ಹೋದರೆ ಅವರು ತಡೆದರು. ‘ಓಯ್, ಇಳಿ ಇಳಿ. ಪೂಜೆ ಆಗ್ನಿಲ್ಲ.’

‘ಬಾಡಿಗೆ ಕಾರು ಸಾ ಇದು!’

‘ಬಾಡಿಗೇದಾದ್ರೇನು, ಕೂರೋರು ನಾವಲ್ವಾ? ನಿಮ್ಮವ್ವ ಏನಂತಾಳೆ?’

ಅವ್ವನ ಹೆಸರು ತೆಗೆದ ಮೇಲೆ ನಾನು ಎದುರಾಡಲಿಲ್ಲ. ಅವ್ವ ಕಟ್ಟಿಕೊಟ್ಟಿದ್ದ ಕುಂಕುಮ, ಕರ್ಪೂರ ನನ್ನಲ್ಲೇ ಇದ್ದವು. ಅವರು ಹಿಂದಿನ ಸಂಜೆಯೇ ನಾಲ್ಕು ನಿಂಬೆಹಣ್ಣು ಕೊಂಡಿದ್ದರು. ಬೂದುಗುಂಬಳ ಸಿಕ್ಕದೆ ಕಲ್ಲಂಗಡಿ ತಂದಿದ್ದರು. ಹೆಲ್ಗಾರ ಅಂಗಡಿಯಿಂದ ಬಿಳಿ ಹೂವು ತಂದು ಕಾರಿನ ಮೂತಿಗೆ ಕಟ್ಟಿದೆ. ಮೂರು ಕಡೆ ಕುಂಕುಮ ಹಚ್ಚಿದೆ. ಚಕ್ರಗಳಡಿ ಒಂದೊಂದು ನಿಂಬೆಹಣ್ಣು. ಅವರು ಕಲ್ಲಂಗಡಿಯ ಮೇಲೆ ಕರ್ಪೂರ ಹಚ್ಚಿ, ಕಾರಿಗೆ ಮೂರು ಸುತ್ತು ನೀವಾಳಿಸಿ, ಮುಂದಿನ ಚಕ್ರದ ಬಳಿ ಎತ್ತಿ ಒಗೆದರು.

ಬೂದುಗುಂಬಳದ ತಿರುಳು ಬೆಳ್ಳಗಿರುತ್ತದೆ. ಕಲ್ಲಂಗಡಿಯದು ಕೆಂಪು. ಅದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಚೌಕದ ಆಚೆಯಿಂದ ಹೆಂಗಸೊಬ್ಬಳು ಚೀರಿದಳು. ಬ್ರೆಡ್ಡಿನಂಗಡಿಯವನು ಬಿಳಿ ಏಪ್ರನ್ನಿನಲ್ಲೇ ಓಡಿ ಬಂದ. ಹಣ್ಣಿನ ಕೆಂಪು ನೀರು ಕಲ್ಲುಗಳ ಸಂದಿಯಲ್ಲಿ ಹರಿಯುತ್ತಿತ್ತು, ಕಾರಿನ ಹಣೆಯ ಮೇಲೂ ಕೆಂಪು. ಯಾರೋ ಮೊಣಕಾಲೂರಿ ಕಾರಿನಡಿ ಇಣುಕಿ ನೋಡಿದರು. ಅಲ್ಲಿ ಸಿಕ್ಕಿದ್ದು ನಾಲ್ಕು ನಿಂಬೆಹಣ್ಣು.

‘ಏನೂ ಆಗಿಲ್ಲ ಸಾ, ಎಣ್ಣು, ಎಣ್ಣು!’ ಎಂದು ಶಿವಮಲ್ಲಪ್ಪನವರು ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡು ತೋರಿಸಿದರು. ಜನ ಎರಡು ಹೆಜ್ಜೆ ಹಿಂದೆ ಸರಿದರು.

ಹೆಲ್ಗಾ ಬಂದು ವಿಷಯ ತಿಳಿದು ಎಲ್ಲರಿಗೂ ಅವರ ಭಾಷೆಯಲ್ಲಿ ಬಿಡಿಸಿ ಹೇಳಿದರು. ನಗು ಹರಡಿತು. ಆದರೆ ಕಲ್ಲು ತೊಳೆಯಬೇಕಲ್ಲ. ಪೊರಕೆ, ಬಕೆಟ್ಟು ತಂದು ನಾವಿಬ್ಬರೂ ತೊಳೆದೆವು. ಕೊನೆಯ ಬಕೆಟ್ಟು ಸುರಿಯುವಾಗ ಗಡಿಯಾರದ ಗೋಪುರ ಹತ್ತು ಹೊಡೆಯಿತು. ಶಿವಮಲ್ಲಪ್ಪನವರು ಕಾರಿನೊಳಗೆ ಹಾರಿ ಕೂತರು. ನಾವು ಕೋಟೆ ಬಾಗಿಲು ಮುಟ್ಟುವ ಹೊತ್ತಿಗೆ ಮೂರೂ ಕಂಬಗಳು ಸೊಂಟದೆತ್ತರಕ್ಕೆ ಎದ್ದು ನಿಂತಿದ್ದವು.

ಅಲ್ಲಿ ಪುರಸಭೆಯ ಕಾವಲುಗಾರನಿದ್ದ. ಬಿಳಿ ಮೀಸೆ, ಒಳ್ಳೆಯ ಮುಖ. ಕಾರಿನ ಕುಂಕುಮ ನೋಡಿದ, ಹೂವು ನೋಡಿದ, ಗಡಿಯಾರಕ್ಕೆ ಬೆರಳು ತೋರಿಸಿ ‘ಆರು’ ಎಂದ.

‘ಸಾ, ಐದೇ ನಿಮ್ಸ ಬುಡಿ ಸಾ. ಮೆಲ್ಲುಕೆ ಒಯ್ತೀನಿ, ಇರುವೇನೂ ಸಾಯಲ್ಲ’ ಎಂದು ಶಿವಮಲ್ಲಪ್ಪನವರು ಕಾರಿನಿಂದ ಇಳಿದು ಕನ್ನಡದಲ್ಲೇ ಬೇಡಿಕೊಂಡರು. ಕಾವಲುಗಾರ ಅವರ ಭುಜ ಹಿಡಿದು ಚೌಕದ ಕಡೆ ತಿರುಗಿಸಿದ. ನಮ್ಮ ಹಿಂದೆಯೇ ಐದಾರು ಮಕ್ಕಳು ಬೀದಿಯ ಉದ್ದಕ್ಕೂ ಓಡಿ ಬರುತ್ತಿದ್ದರು. ಯಾರ ಕೈಯನ್ನೂ ಯಾರೂ ಹಿಡಿದಿರಲಿಲ್ಲ. ಶಿವಮಲ್ಲಪ್ಪನವರು ಮತ್ತೆ ಬೇಡಲಿಲ್ಲ. ಕಾವಲುಗಾರ ಮುಂದೆ ಮುಂದೆ ನಡೆದು ಜನರನ್ನು ಸರಿಸುತ್ತಾ ಬಂದ, ನಾವು ಮದುವೆ ಮೆರವಣಿಗೆಯ ಹಾಗೆ ಅವನ ಹಿಂದೆ ಕಾರು ತಂದು ಹೆಲ್ಗಾರ ಬಾಗಿಲಲ್ಲಿ ನಿಲ್ಲಿಸಿದೆವು.

ಕಾರನ್ನು ಬಿಟ್ಟು ಹೋಗಲು ಶಿವಮಲ್ಲಪ್ಪನವರಿಗೆ ಮನಸ್ಸಿಲ್ಲ. ಹಾಗಾಗಿ ಎದುರಿನ ಬೆಂಚಿನಲ್ಲಿ ಕೂತೆವು. ಬುತ್ತಿಯನ್ನು ಅಲ್ಲೇ ಬಿಚ್ಚಿದೆವು. ನಾನು ದಿನಚರಿ ತೆಗೆದೆ. ಹತ್ತರಿಂದ ಆರರವರೆಗಿನ ಆ ಪುಟವನ್ನು ಇದ್ದ ಹಾಗೆ ಕೊಡುತ್ತೇನೆ.

ಮಗು ಕೂರಿಸಿ ತಳ್ಳುವ ಗಾಡಿ ೬೪. ಕಾಲಿಲ್ಲದವರ ಗಾಲಿಕುರ್ಚಿ ೭. ಕೋಲೂರಿ ನಡೆದವರು ೫೨. ಹಿರಿಯರ ಕೈ ಬಿಟ್ಟು ಓಡಿದ ಮಕ್ಕಳು ೧೧೮. ನಮ್ಮ ಕಾರಿನ ಹಣೆ ನೋಡಿ ನಿಂತವರು ೨೦೩. ಕುಂಕುಮ ಹಚ್ಚಿಸಿಕೊಂಡವರು ೩೧.

ಕೊನೆಯದು ಶಿವಮಲ್ಲಪ್ಪನವರ ಪ್ರತಾಪ. ಪುಟ್ಟ ಹುಡುಗಿಯೊಬ್ಬಳು ಕಾರಿನ ಬೊಟ್ಟನ್ನು ತೋರಿಸಿ ತನ್ನ ಹಣೆಯನ್ನು ಮುಟ್ಟಿಕೊಂಡಳು. ಅವರು ಅವಳ ತಾಯಿಯ ಮುಖ ನೋಡಿ, ಒಪ್ಪಿಗೆ ಸಿಕ್ಕ ಮೇಲೆ ಹಚ್ಚಿದರು. ಆಮೇಲೆ ಸಾಲು ನಿಂತಿತು. ‘ನೋಡವ್ವ, ನಂಜನಗೂಡಲ್ಲಿ ನಂಗೆ ಈ ಮರ್ವಾದೆ ಇಲ್ಲ’ ಎಂದರು. ನಡುನಡುವೆ ಎದ್ದು ಚೌಕಕ್ಕೆ ಒಂದು ಸುತ್ತು ಹಾಕಿ ಬರುತ್ತಿದ್ದರು. ಏಳು ಸುತ್ತು ಎಂದು ನಾನು ಹೇಳಿದಾಗ ಮೊಣಕಾಲನ್ನು ಒತ್ತಿ ನೋಡಿಕೊಂಡರು.

ಪುಟದಲ್ಲಿ ಇನ್ನೊಂದು ಸಾಲಿದೆ. ಹೆಲ್ಗಾ ತಮ್ಮ ಹೂವಿನ ಬಕೆಟ್ಟುಗಳನ್ನು ಅಂಗಡಿಯಿಂದ ಆರಡಿ ಮುಂದಕ್ಕೆ, ನಡು ಚೌಕಕ್ಕೇ ಹರಡಿಡುತ್ತಾರೆ. ಅವತ್ತಿಡೀ ಅವರು ಗಿರಾಕಿಗಾಗಿ ಎದ್ದರು, ನೀರು ಹಾಕಲು ಎದ್ದರು. ಬಕೆಟ್ಟನ್ನು ಯಾವುದಕ್ಕಾದರೂ ಹೆದರಿ ಒಳಗೆಳೆದುಕೊಂಡದ್ದು: ಒಂದೂ ಸಲ ಇಲ್ಲ.

ಆ ಸೊನ್ನೆ ಬರೆದ ಮೇಲೆ ಹಿಂದಿನ ಪುಟಗಳನ್ನು ತಿರುವಿ ಮೇ ೪ರ ನಾಲ್ಕನೆಯ ಅಂಕಣ ನೋಡಿದೆ. ೪೧. ನಮ್ಮವ್ವನಿಗೆ ಐವತ್ತೆರಡು ವರ್ಷ.

ಅದೇ ದಿನ, ಸಂಜೆ

ಕಂಬಗಳು ಇಳಿದವು, ಕಾರು ಹೋಯಿತು. ಹೆಲ್ಗಾ ಬಕೆಟ್ಟುಗಳನ್ನು ಎತ್ತಿಡುತ್ತಿದ್ದರು, ನಾನೂ ಕೈ ಹಾಕಿದೆ. ಆಗ ಅವರಿಗೆ ಅವ್ವನ ಅಂಗಡಿಯ ವಿಷಯ, ನೋಟೀಸಿನ ವಿಷಯ, ನಾನು ಬರೆಯಬೇಕಾದ ತಕರಾರಿನ ವಿಷಯ ಎಲ್ಲ ಹೇಳಿದೆ.

ಅವರು ಒಳಗೆ ಹೋಗಿ ಮೇಜಿನ ಖಾನೆಯಿಂದ ಹಳದಿ ತಿರುಗಿದ ಕಾಗದವೊಂದನ್ನು ತಂದರು. ಟೈಪು ಮಾಡಿದ ಅರ್ಜಿ, ಕೆಳಗೆ ಉದ್ದಕ್ಕೆ ಸಹಿಗಳು. ಮೊದಲ ಸಹಿ ಅವರದು.

‘ಈ ಅಂಗಡಿ ಮೊದಲು ನಮ್ಮ ಪೆಟ್ರೋಲ್ ಬಂಕು’ ಎಂದರು. ‘ಇಲ್ಲಿ ನೋಡು.’ ಬಕೆಟ್ಟುಗಳಿದ್ದ ಕಡೆ ನೆಲದ ಕಲ್ಲುಗಳ ನಡುವೆ ದುಂಡಗೆ ಬೇರೆ ಬಣ್ಣದ ಕಲ್ಲು ಕೂರಿಸಿತ್ತು. ಕೆಳಗೆ ಟ್ಯಾಂಕು ಇದ್ದ ಜಾಗ. ‘ಗಾಡಿ ವ್ಯಾಪಾರವೆಲ್ಲ ಗೋಡೆಯಾಚೆ ಹೋಗಬೇಕೆಂದು ಊರಿನವರು ತೀರ್ಮಾನ ಮಾಡಿದಾಗ ಮನೆಮನೆಗೆ ಹೋಗಿ ಸಹಿ ಹಾಕಿಸಿದವಳು ನಾನೇ. ಗಾಡಿ ನಿಂತರೆ ಊರು ಸತ್ತುಹೋಗುತ್ತದೆ ಎಂದು ಬರೆದಿದ್ದೇನೆ. ನೋಡು, ಮೂರನೇ ಸಾಲು.’

‘ಸತ್ತಿತೇ?’

‘ಮೊದಲ ಚಳಿಗಾಲ ಸತ್ತ ಹಾಗೇ ಇತ್ತು. ಸುಳ್ಳು ಹೇಳುವುದಿಲ್ಲ. ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವನಿಗೆ ಹೊರಗೆ ಜಾಗ ಕೊಡಲು ಎರಡು ವರ್ಷ ಮಾಡಿದರು. ಅಷ್ಟರಲ್ಲಿ ಅವನು ಊರೇ ಬಿಟ್ಟಿದ್ದ. ನನ್ನ ಗಂಡನಿಗೆ ಕೂಡಲೇ ಜಾಗ ಸಿಕ್ಕಿತು, ಬಂಕು ಅಲ್ಲಿಗೆ ಹೋಯಿತು, ಚೆನ್ನಾಗಿಯೇ ನಡೆಯಿತು. ಆದರೂ ಅವನು ಸಾಯುವವರೆಗೆ ಸಿಟ್ಟಿನಿಂದ ಈ ಚೌಕಕ್ಕೆ ಕಾಲಿಡದೆ ಸುತ್ತುಬಳಸಿಯೇ ಓಡಾಡಿದ. ನಾನು ಇಲ್ಲಿ ನಾಲ್ಕು ಬಕೆಟ್ಟು ಹೂವು ಇಟ್ಟೆ. ವಸಂತದಲ್ಲಿ ಜನ ನಡೆದು ಬಂದರು. ಗಾಡಿಯಲ್ಲಿ ಹೋಗುವವನಿಗೆ ಹೂವು ಕಾಣುವುದಿಲ್ಲ ಮಗೂ.’

ಕಾಗದವನ್ನು ಮಡಿಸಿ ನನ್ನ ಕೈಗೆ ಕೊಡಲು ಬಂದರು, ಮತ್ತೆ ಹಿಂದಕ್ಕೆಳೆದುಕೊಂಡರು. ‘ಬೇಡ. ಇದು ನನಗೆ ಬೇಕು. ನೀನು ನಿನ್ನದನ್ನು ಬರೆ. ಯಾರನ್ನು ಹೊರಗೆ ಕಳುಹಿಸುತ್ತೀರೋ ಅವರಿಗೆ ಅಂದೇ ಜಾಗ ಕೊಡಿ ಎಂದು ಮಾತ್ರ ಮರೆಯದೆ ಬರೆ.’

ಕೋಣೆಗೆ ಬಂದು ‘ಮಾನ್ಯರೇ’ ಎಂಬುದರ ಕೆಳಗೆ ಎರಡು ಪುಟ ಬರೆದೆ. ಅವ್ವ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ನನ್ನನ್ನು ಓದಿಸಿದ ಅಂಗಡಿಯ ವಿರುದ್ಧ ನಾನೇ ಬರೆಯುತ್ತಿದ್ದೇನೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ಉಳಿದ ಹತ್ತು ದಿನಗಳಲ್ಲಿ ಅದನ್ನು ನಾಲ್ಕು ಸಲ ತಿದ್ದಿದೆ.

ನಂಜನಗೂಡು, ಮೇ ೨೯, ಗುರುವಾರ

ಊರಿಗೆ ಬಂದ ಸಂಜೆಯೇ ಅಂಗಡಿಯವರೆಲ್ಲ ಸೇರಿದರು. ಮರುದಿನವೇ ಪುರಸಭೆಯಲ್ಲಿ ವಿಚಾರಣೆ. ತಂದ ಚಾಕೊಲೇಟು ಹಂಚಿದೆ, ಎರಡು ಪುಟ ಓದಿದೆ. ಗಾಡಿಗಳ ಪೂಜೆ ಮೈದಾನಕ್ಕೆ ಹೋಗಲಿ. ಗಾಡಿಯನ್ನೇ ನಂಬಿದ ಅಂಗಡಿಗಳಿಗೆ ಅಂದೇ ಅಲ್ಲಿ ಜಾಗ, ನೆರಳು, ನೀರು ಕೊಡಲಿ. ಹೂವು, ಕಾಯಿಯವರು ಬೀದಿಯಲ್ಲೇ ಉಳಿಯಲಿ.

ಚಾಕೊಲೇಟು ಬಾಯಲ್ಲಿದ್ದಂತೆಯೇ ಮಾದಪ್ಪ ರೇಗಿದ. ‘ಜರ್ಮನಿಗೋಗಿ ಬಂದು ನಮ್ಮೊಟ್ಟೆ ಮೇಲೆ ವಡೀತೀಯಲ್ಲವ್ವ! ಅಂಕಿ ಆಕು ಅಂದ್ರೆ ಅಂಕಿ ಎಲ್ಲಿ?’

‘ಅಂಕಿ ಇದೆ ಮಾದಪ್ಪಣ್ಣ. ಅವ್ವನ ಹತ್ರ ಕೊಂಡವರನ್ನೆಲ್ಲ ಎಣಿಸಿದ್ದೀನಿ. ಅದರ ಜೊತೆಗೆ ಅವ್ವ ಎಷ್ಟು ಸಲ ಎದ್ದಳು ಅಂತಲೂ ಎಣಿಸಿದ್ದೀನಿ.’

ಎಲ್ಲರೂ ಅವ್ವನ ಮುಖ ನೋಡಿದರು.

‘ನಾನೆದ್ದಿದ್ದಾ? ಯಾಕೆ?’ ಎಂದಳು ಅವ್ವ.

‘ಗಾಡಿ ಹಿಂದಕ್ಕೆ ಬಂದಾಗ ಕುಕ್ಕೆ ಎಳ್ಕೊಳೋಕೆ. ಮಧ್ಯಾಹ್ನ ಒಂದು ಗಂಟೆವರೆಗೆ ನಲವತ್ತೊಂದು ಸಲ.’

ಅವ್ವ ನಂಬಲಿಲ್ಲ. ದಿನಚರಿಯನ್ನು ಕೇಳಿ ಪಡೆದು, ಗೆರೆಗಳ ಮೇಲೆ ಬೆರಳಿಟ್ಟು ಐದೈದಾಗಿ ತಾನೇ ಎಣಿಸಿದಳು. ಎಂಟು ಕಟ್ಟು, ಮೇಲೊಂದು. ಎಣಿಸಿ ಮುಗಿಸಿ ಎರಡು ಕೈಯನ್ನೂ ಸೊಂಟದ ಹಿಂದಕ್ಕೆ ಒಯ್ದು ಒತ್ತಿಕೊಂಡಳು.

‘ದಿನಾ ಸಂಜೆ ಸೊಂಟ ಯಾಕ್ ಬಿದ್ದೋಯ್ತದೆ ಅಂತಿದ್ದೆ. ವಯಸ್ಸಾಯ್ತು ಅಂದ್ಕಂಡಿದ್ದೆ’ ಎಂದಳು ಮೆಲ್ಲಗೆ.

ನಾನು ಉಳಿದದ್ದನ್ನೂ ಹೇಳಿದೆ. ‘ಅವತ್ತು ನಿನ್ನ ಹತ್ರ ಕೊಂಡ ನಡಿಗೆಯವರು ಹನ್ನೊಂದೇ ಜನ. ಮುಂದೆ ಗಾಡಿ ನಿಂತಿದ್ರೆ ನೀನು ಕಾಣಲ್ಲ ಅವ್ವ. ಜನ ಆ ಕಡೆಯಿಂದಲೇ ಹೋಗ್ಬಿಡ್ತಾರೆ.’

‘ನಂಗೆ?’ ಎಂದ ಮಾದಪ್ಪ. ‘ನಡ್ಕೊಂಡೋಗೋನು ಬೂದುಗುಂಬಳ ತಕ್ಕೊಂಡು ಯಾರ್ ತಲೆ ಮೇಲೆ ಒಡೀತಾನೆ?’

‘ನೀನು ಗಾಡಿ ಜೊತೆ ಓಗು ಮಾದಪ್ಪ’ ಎಂದಳು ಅವ್ವ. ‘ನಿಂಬೆಹಣ್ಣಿನ ಗಿರಾಕೀನೂ ನೀನೇ ನೋಡ್ಕೊ. ಅಲ್ಲಿ ನಿಂಗೆ ಜಾಗ ಕೊಡ್ಲಿಲ್ಲ ಅಂದ್ರೆ ನಾನೂ ಇಲ್ಲಿ ಕೂರಲ್ಲ. ಆ ಮಾತ್ನೂ ಬರಿ ಮಗ.’

ಬರೆದೆ. ಅವ್ವ ಸೀರೆಯ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ನಾನು ಹೈಸ್ಕೂಲಿನಲ್ಲಿದ್ದಾಗ ಕಲಿಸಿದ ಸಹಿ ಅದು, ಮೂರಕ್ಷರ. ಮೊದಲ ಸಹಿಯಾಗಿ ‘ಪುಟ್ಟಮ್ಮ’ ಎಂದು ಬರೆದು, ಅಡಿಯಲ್ಲಿ ಒಂದು ಗೆರೆ ಎಳೆದಳು. ಹದಿನಾಲ್ಕರಲ್ಲಿ ಹನ್ನೊಂದು ಸಹಿ ಬಿದ್ದವು. ಮಾದಪ್ಪನದು ಹನ್ನೊಂದನೆಯದು.

ಮರುದಿನ ಅಧಿಕಾರಿಗಳು ಅರ್ಜಿಯನ್ನು ಎರಡು ಸಲ ಓದಿಸಿದರು. ತಕರಾರು ಬರುತ್ತದೆಂದು ಕಾದಿದ್ದವರಿಗೆ ಇದನ್ನು ಯಾವ ಫೈಲಿಗೆ ಸೇರಿಸುವುದೆಂದು ತಿಳಿಯಲಿಲ್ಲ. ‘ಮೊದಲು ಭಾನುವಾರಗಳಲ್ಲಿ ಮಾಡಿ ನೋಡೋಣ. ಮೈದಾನಕ್ಕೆ ಶಾಮಿಯಾನ, ನೀರಿನ ಟ್ಯಾಂಕರ್ ಮೊದಲು’ ಎಂದು ತೀರ್ಮಾನವಾಯಿತು.

ನಂಜನಗೂಡು, ಜೂನ್ ೧೫, ಭಾನುವಾರ

ನಮ್ಮ ಬೀದಿಯಲ್ಲಿ ನೆಲದಿಂದ ಕಂಬ ಏಳುವುದಿಲ್ಲ. ಎರಡು ಡ್ರಮ್ಮಿನ ಮೇಲೆ ಒಂದು ಬಿದಿರು ಗಳ, ಪಕ್ಕದಲ್ಲಿ ಹೋಮ್‌ಗಾರ್ಡ್ ಒಬ್ಬ. ಅವನಿಗೆ ಸಿಕ್ಕಿದ ಬೈಗುಳವನ್ನು ನಾನು ಎಣಿಸಲಿಲ್ಲ.

ಎಂಟು ಗಂಟೆಯ ಹೊತ್ತಿಗೆ ಜಗಲಿಗಳು ತುಂಬಿದವು. ಕಪಿಲೆಯಲ್ಲಿ ಮುಳುಗಿ ಬಂದವರು ಒದ್ದೆ ಬಟ್ಟೆ ಹಿಂಡಿಕೊಂಡು ನಡುಬೀದಿಯಲ್ಲೇ ನಡೆದರು. ತಲಕಾಡಿನ ಕಡೆಯ ಹೆಂಗಸರ ಗುಂಪೊಂದು ಬೀದಿಯ ಅಗಲಕ್ಕೂ ಹರಡಿಕೊಂಡು ಹಾಡು ಹೇಳುತ್ತಾ ಬಂತು. ಅಷ್ಟು ಅಗಲ ನಮ್ಮ ಬೀದಿಗೆ ಇದೆಯೆಂದು ನನಗೇ ಗೊತ್ತಿರಲಿಲ್ಲ. ಹೆಲ್ಗಾರಿಗೆ ಬರೆದು ತೋರಿಸಿದ ಚಿತ್ರ ಕಣ್ಣೆದುರು ಇತ್ತು. ಗಾಡಿಗಳನ್ನು ಬಿಟ್ಟು ಬರೆದದ್ದು ಈಗ ಸುಳ್ಳಾಗಿರಲಿಲ್ಲ.

ಅವ್ವ ಮೂರೂ ಕುಕ್ಕೆಗಳನ್ನು ಬೀದಿಗೆ ಆರಡಿ ಮುಂದಕ್ಕೆ ಸರಿಸಿಕೊಂಡಿದ್ದಳು. ಏಳರಿಂದ ಒಂದರವರೆಗೆ ಕೊಂಡವರು ೩೧, ಎಲ್ಲರೂ ನಡಿಗೆಯವರು. ಮೇ ೪ರಂದು ಎರಡೂ ಬಗೆ ಸೇರಿ ೩೭. ಆರು ಕಡಿಮೆ. ಅವ್ವನಿಗೆ ಹೇಳಿದೆ.

‘ಮೊದಲ್ನೇ ದಿನ ಕಣೇ’ ಎಂದಳು. ‘ಆ ಆರು ಜನಾನೂ ಬತ್ತಾರೆ. ನಾನೆಲ್ಲಿಗ್ ಓಯ್ತೀನಿ?’

ಮೈದಾನದಿಂದ ಮಾದಪ್ಪ ಹೀಗೆ ಹೇಳಿ ಕಳುಹಿಸಿದ್ದ: ಶಾಮಿಯಾನ ಒಂದು ಕಡೆ ಸೋರುತ್ತದೆ, ಆದರೆ ಬೂದುಗುಂಬಳ ಒಡೆಯಲು ಇಷ್ಟು ಜಾಗ ಜನ್ಮದಲ್ಲಿ ಕಂಡಿರಲಿಲ್ಲ.

ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ನಾಲ್ಕನೆಯ ಅಂಕಣ ಅಲ್ಲಿಯವರೆಗೂ ಖಾಲಿ. ಆಗ ಬಿದಿರು ಗಳದ ಕಡೆಯಿಂದ ಶಿವಮಲ್ಲಪ್ಪನವರು ಬರುವುದು ಕಂಡಿತು. ಕಾರು ಮೈದಾನದಲ್ಲಿ ಬಿಟ್ಟು, ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಾ, ಮೊಣಕಾಲಿನ ಮೇಲೆ ಕೈಯಿಟ್ಟು ನಡೆದು ಬರುತ್ತಿದ್ದರು.

‘ಎಂಟ್ನೂರ ಮೂವತ್ತೆಜ್ಜೆ!’ ಎಂದು ದೂರದಿಂದಲೇ ಕೂಗಿದರು. ‘ನಾನೂ ಎಣಿಸ್ದೆ ಕಣವ್ವ! ನಿನ್ನ ಜರ್ಮನಿಗಿಂತ ಜಾಸ್ತಿ!’

ಅವ್ವ ಮಣೆಯಿಂದ ಎದ್ದಳು. ಸೆರಗಿನಿಂದ ಅದರ ಧೂಳು ಕೊಡವಿ ಮುಂದಕ್ಕೆ ಸರಿಸಿದಳು. ‘ಬನ್ನಿ ಸ್ವಾಮಿ, ಕೂತ್ಕಳಿ. ಕಾಲು ನೋಯ್ತದೇನೋ.’ ಅವರು ಕೂತರು. ಅವ್ವ ಕುಕ್ಕೆಗಳ ನಡುವೆ ಬೀದಿಯಲ್ಲಿಯೇ ನಿಂತು ಅವರಿಗೆ ನೀರು ಕೊಟ್ಟಳು.

ನಾನು ನಾಲ್ಕನೆಯ ಅಂಕಣದಲ್ಲಿ ಒಂದು ಗೆರೆ ಎಳೆದೆ. ಅವ್ವನ ಕಣ್ಣಿಗೆ ಬಿತ್ತು.

‘ಇದ್ನೂ ಎಣಿಸ್ದಾ?’

‘ಎಣಿಸ್ದೆ.’

‘ಅದು ಲೆಕ್ಕಕ್ಕಿಲ್ಲ ಕಣೇ. ಮನೆಗೆ ಬಂದೋರಿಗೆ ಎದ್ದಿದ್ದು ಅದು. ವಡೆದ್ಹಾಕು.’

ತಪಾಸಣೆ ವಿಭಾಗದವರು ಒಮ್ಮೆ ಎಳೆದ ಗೆರೆಯನ್ನು ಅಳಿಸುವುದಿಲ್ಲ. ಅದು ಹಾಗೇ ಇದೆ. ಜೂನ್ ೧೫, ಏಳರಿಂದ ಒಂದು, ಅವ್ವ ಎದ್ದದ್ದು: ೧.